ಸುಸಾನವ್ವನ ಮಾತು ಕನ್ನಡಕ್ಕೆ: ಒಂಬತ್ತನೇ ಅಧ್ಯಾಯದ ಕರಡು

ನಿನ್ನೆ ರಾತ್ರಿ ಒಂಬತ್ತನೇ ಅಧ್ಯಾಯದ ಮೊದಲ ಕರಡು ಮುಗಿಯಿತು. ನಾನು ಪೋರ್ಚುಗೀಸ್ ಕಲಿತು ‘ಉರ್ಸುಲಾ’ ಅನುವಾದಕ್ಕೆ ಕೈಹಾಕಿದ್ದೇ ಈ ಅಧ್ಯಾಯಕ್ಕಾಗಿ. ಬ್ರೆಜಿಲ್‌ನ ಮರಾನ್ಯಾಂವ್ ಪ್ರಾಂತ್ಯದ ಶಾಲಾ ಶಿಕ್ಷಕಿ ಮರಿಯಾ ಫಿರ್ಮಿನಾ ದೋಸ್ ರೇಯ್ಸ್ 1859ರಲ್ಲಿ ತಮ್ಮ ಹೆಸರು ಹಾಕದೆ, ‘ಮರಾನ್ಯಾಂವ್‌ನ ಒಬ್ಬಳು’ ಎಂದಷ್ಟೇ ಹೇಳಿಕೊಂಡು ಹೊರತಂದ ಕಾದಂಬರಿ ಇದು. ಅಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ. ಸುತ್ತಲೂ ಗುಲಾಮರು ದುಡಿಯುತ್ತಿದ್ದ ಕಾಲದಲ್ಲೇ ಆಕೆ, ಆಫ್ರಿಕಾದಿಂದ ಹಿಡಿದು ತಂದ ಮುದುಕಿ ಸುಸಾನಾಳ ಕತೆಯನ್ನು ಅವಳ ಬಾಯಿಂದಲೇ ಹೇಳಿಸಿದರು.

ಸುಸಾನಾ ಪುಟ್ಟ ಮಗಳನ್ನು ತಾಯಿಯ ಕೈಗೆ ಕೊಟ್ಟು ಹೊಲಕ್ಕೆ ಮೆಕ್ಕೆಜೋಳ ಮುರಿಯಲು ಹೊರಡುತ್ತಾಳೆ. ‘ಸೆಂ ಬ್ರಾಸಸ್’, ಅಂದರೆ ನೂರು ಬ್ರಾಸಾ, ದೂರ ಹೋಗುವ ಮೊದಲೇ ಕಾಡಿನಲ್ಲಿ ಒಂದು ಸಿಳ್ಳೆ, ಆಮೇಲೆ ಇಬ್ಬರು ಗಂಡಸರು, ಹಗ್ಗ. ಈ ಬ್ರಾಸಾವನ್ನು ಮೀಟರಿಗೆ ಇಳಿಸಬೇಕೇ ಎಂದು ಎರಡು ದಿನ ಒದ್ದಾಡಿದೆ. ಅದು ಚಾಚಿದ ಎರಡು ತೋಳಿನ ಅಳತೆ ಎಂದು ಹೊಳೆದ ಗಳಿಗೆ ಕೆಲಸ ಸಲೀಸಾಯಿತು. ಬಾವಿಯ ಹಗ್ಗ ಅಳೆಯುವ ನಮ್ಮ ಮಾರು! ‘ನೂರು ಮಾರು ಹೋಗಿರಲಿಲ್ಲ’ ಎಂದು ಬರೆದೆ.

‘ಗುಲಾಮ’ ಪದವನ್ನು ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳಲಿಲ್ಲ. ‘ಜೀತ’ ಅಂದರೆ ಸಾಲದ ನೆನಪು ಬರುತ್ತದೆ, ಸುಸಾನಾ ಯಾರಿಗೂ ಸಾಲಗಾರಳಲ್ಲ. ‘ತೊತ್ತು’ ಹಾಕಿ ನೋಡಿದೆ. ವಚನಗಳಲ್ಲಿ ಭಕ್ತರು ತಾವಾಗಿಯೇ ತೊತ್ತಿನ ಮಕ್ಕಳು ಎಂದುಕೊಂಡಿದ್ದಾರೆ, ಆ ಒಲವು ಇಲ್ಲಿ ಬರಕೂಡದು. ಕೊನೆಗೆ ಹೀಗೆ ನಿಂತಿತು: ‘ನಾನೀಗ ಸೆರೆಯಾಳು. ನಾನೀಗ ಗುಲಾಮಳು.’

ಮೊದಲು ಅವಳಿಗೆ ನಮ್ಮ ಊರ ಕಡೆಯ ಹಳ್ಳಿಮಾತು ಕೊಟ್ಟಿದ್ದೆ. ಅದು ತಪ್ಪು. ಮೂಲದಲ್ಲಿ ಅವಳ ಪೋರ್ಚುಗೀಸ್, ಒಡೆಯರ ಪೋರ್ಚುಗೀಸ್‌ಗೆ ಒಂದು ಎಳೆಯೂ ಕಡಿಮೆಯಿಲ್ಲ. ಮುನ್ನೂರು ಜನರ ಜೊತೆ ಮೂವತ್ತು ದಿನ ಹಡಗಿನ ತಳದಲ್ಲಿ, ಸರಪಳಿಯಲ್ಲಿ, ನಿಂತೇ ಬಂದದ್ದನ್ನು ಅವಳು ಆ ಭಾಷೆಯಲ್ಲೇ ಹೇಳುತ್ತಾಳೆ. ಹನ್ನೊಂದು ಪುಟ ಹರಿದು ಮತ್ತೆ ಬರೆದೆ.

ಒಂದು ಗಂಟು ಇನ್ನೂ ಬಿಚ್ಚಿಲ್ಲ. ಕಾದಂಬರಿಯ ನಾಯಕ ತಾಂಕ್ರೇದು ಕೊಟ್ಟ ಹಣದಿಂದ ತನ್ನನ್ನು ಬಿಡಿಸಿಕೊಂಡ ತೂಲಿಯು ಎಂಬ ಗುಲಾಮ ಯುವಕ, ‘ಸುಸಾನವ್ವಾ’ ಎಂದು ಸಂಭ್ರಮದಿಂದ ಬರುತ್ತಾನೆ. ಅವನದು ‘ಬಿಡುಗಡೆ’, ಸರಿ. ಆದರೆ ಸುಸಾನಾ ತನ್ನ ನಾಡಿನಲ್ಲಿ ಉಂಡದ್ದು ಬಿಡುಗಡೆಯಲ್ಲ. ಆಗ ಅವಳನ್ನು ಯಾರೂ ಕಟ್ಟಿಹಾಕಿರಲೇ ಇಲ್ಲ. ‘ಸ್ವಾತಂತ್ರ್ಯ’ ಎಂದರೆ ಅರ್ಥ ಕೂಡುತ್ತದೆ. ಮೂಲದಲ್ಲಿ ಮಾತ್ರ ಇಬ್ಬರ ಬಾಯಲ್ಲೂ ಇರುವುದು ಒಂದೇ ಪದ. ಅವಳು ಅವನ ಪದವನ್ನೇ ಹಿಡಿದು ಪ್ರಶ್ನಿಸುತ್ತಾಳೆ, ಎರಡು ಪದ ಬಳಸಿದರೆ ಆ ಪ್ರಶ್ನೆಯೇ ಕಳಚಿಹೋಗುತ್ತದೆ. ಸದ್ಯಕ್ಕೆ ಆ ಸಾಲಿನ ಮೇಲೆ ಎರಡನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.