ಕಡಿಮೆ ದುಡ್ಡಿನಲ್ಲಿ ಬಾಳಿಕೆ ಬರುವ ಸೋಫಾ ಯಾವುದು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹೊಸ ಮನೆಗೆ ಹೋಗುವವರು, ಮಕ್ಕಳಾದ ಮೇಲೆ ಕುರ್ಚಿಗಳು ಸಾಲದೆ ಹೋದವರು, ಕೊಂಡ ಎರಡನೇ ವರ್ಷಕ್ಕೇ ಕುಸಿದ ಸೋಫಾ ನೋಡಿ ಬೇಸತ್ತವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ: 'ಜಾಸ್ತಿ ದುಡ್ಡಿಲ್ಲ, ಮನೆಮಂದಿಯೆಲ್ಲ ಕೂರಬೇಕು, ಹತ್ತು ವರ್ಷವಾದರೂ ಬಾಳಬೇಕು. ಯಾವುದು ತಗೊಳ್ಳಲಿ?' ಒಂದು ಕಂಪನಿ ಹೆಸರು ಹೇಳಿಬಿಟ್ಟರೆ ಅವರ ಕೆಲಸ ಮುಗಿಯುತ್ತದೆ. ಆದರೆ ನಾನು ಹೆಸರು ಹೇಳುವುದಿಲ್ಲ. ಒಂದೇ ಕಂಪನಿ ಗಟ್ಟಿಯದನ್ನೂ ಮಾಡುತ್ತದೆ, ಕಳಪೆಯನ್ನೂ ಮಾಡುತ್ತದೆ, ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ನನ್ನ ಉತ್ತರ ಇಷ್ಟು. ಮುಂದೆ ರಿಪೇರಿ ಮಾಡಿಸಲು ಆಗುವಂಥ ಸೋಫಾ ಕೊಳ್ಳಿ. ದುಡ್ಡು ಸಾಲದಿದ್ದರೆ ಚಿಕ್ಕದನ್ನು ಕೊಳ್ಳಿ.

ದಿನಾ ನಾಲ್ಕೈದು ಜನ ಕೂರುವ, ಮಕ್ಕಳು ಹತ್ತಿ ಕುಣಿಯುವ ವಸ್ತು ಸವೆಯದೆ ಇರಲು ಸಾಧ್ಯವೇ ಇಲ್ಲ. ಒಳ್ಳೆಯ ಸೋಫಾದಲ್ಲಿ ಮೊದಲು ಫೋಮ್ ಸೋಲುತ್ತದೆ, ಆಮೇಲೆ ಬಟ್ಟೆ, ಫ್ರೇಮ್ ಕೊನೆಗೆ. ಫೋಮ್ ಹೋದರೆ ಕುಶನ್ ಕೆಲಸದವರಿಗೆ ಹೇಳಿ ಹೊಸದು ಹಾಕಿಸಬಹುದು. ಬಟ್ಟೆ ಹರಿದರೆ ಬದಲಾಯಿಸಬಹುದು. ಫ್ರೇಮೇ ಮುರಿದರೆ ಮಾತ್ರ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು, ಯಾಕೆಂದರೆ ಅದನ್ನು ಸರಿಮಾಡಲು ಬಟ್ಟೆ, ಫೋಮ್, ಸ್ಪ್ರಿಂಗ್ ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು, ಅಷ್ಟು ಕೂಲಿ ಕೊಡುವ ಬದಲು ಹೊಸದೇ ವಾಸಿ ಅನ್ನಿಸುತ್ತದೆ. ಅಗ್ಗದ ಸೋಫಾಗಳ ತೊಂದರೆಯೇ ಇದು. ಅವುಗಳಲ್ಲಿ ಫ್ರೇಮೇ ಮೊದಲು ಹೋಗುತ್ತದೆ. ಹಾಗಾಗಿ ಇರುವ ದುಡ್ಡನ್ನು ಮೊದಲು ಫ್ರೇಮಿಗೆ ಹಾಕಿ, ಆಮೇಲೆ ಫೋಮಿಗೆ, ಉಳಿದರೆ ಬಟ್ಟೆಗೆ. ಅಂಗಡಿಯಲ್ಲಿ ನಮ್ಮ ಕಣ್ಣು ಹೋಗುವುದು ಸರಿಯಾಗಿ ಇದರ ಉಲ್ಟಾ, ಅಲ್ವಾ?

ಕುಶನ್ ಅಂಗಡಿಯೊಂದರಲ್ಲಿ ಬಿಚ್ಚಿ ಹಾಕಿದ್ದ ಒಂದು ಸೋಫಾ ನೋಡಿದ್ದೆ. ಹೊರಗಿನಿಂದ ತೋಳು ಒಂದಡಿ ಅಗಲ, ದಿಂಬಿನ ಹಾಗೆ ತುಂಬಿಕೊಂಡಿತ್ತು. ಬಟ್ಟೆ ತೆಗೆದರೆ ಒಳಗೆ ತೆಳ್ಳನೆಯ ಎರಡು ಮರದ ಪಟ್ಟಿ, ಅದರ ಮೇಲೆ ಬಳಸಿ ಬಗ್ಗಿಸಿದ ರಟ್ಟು, ರಟ್ಟಿನ ಮೇಲೆ ಬೆರಳಿನಷ್ಟು ದಪ್ಪದ ಸ್ಪಂಜು. ಪಟ್ಟಿ ಪಟ್ಟಿ ಸೇರುವ ಕಡೆ ಸ್ಕ್ರೂ ಇಲ್ಲ, ಅಂಟಿಲ್ಲ, ಬರೀ ಸ್ಟೇಪಲ್ ಪಿನ್. ತೋಳಿನ ಮೇಲೆ ಯಾರೋ ಕೂತಿದ್ದಕ್ಕೆ ಪಿನ್‌ಗಳು ಕಿತ್ತು ಬಂದಿದ್ದವು. ತೋಳಿನ ಮೇಲೆ ಯಾರೂ ಕೂರದ ಮನೆ ಎಲ್ಲಿದೆ? ಅದನ್ನು ತಡೆಯುವಂತೆ ಮಾಡುವುದು ಮಾಡುವವರ ಜವಾಬ್ದಾರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಂಗಡಿಯಲ್ಲಿ ಬಿಚ್ಚಿ ನೋಡಲು ಬಿಡುವುದಿಲ್ಲ, ನಿಜ. ಬಿಚ್ಚದೆಯೂ ಬೇಕಾದಷ್ಟು ಗೊತ್ತಾಗುತ್ತದೆ. ಮುಂದಿನ ಒಂದು ಕಾಲಿನ ಕಡೆ ಹಿಡಿದು ಸೋಫಾವನ್ನು ಅರ್ಧ ಅಡಿ ಎತ್ತಿ. ಅಷ್ಟು ಹೊತ್ತಿಗೆ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟಿರಬೇಕು. ಅದು ಇನ್ನೂ ನೆಲಕ್ಕೇ ಅಂಟಿಕೊಂಡಿದ್ದರೆ ಫ್ರೇಮ್ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ತೋಳನ್ನು ಹಿಡಿದು ಹೊರಕ್ಕೂ ಒಳಕ್ಕೂ ಅಲ್ಲಾಡಿಸಿ, ಸಡಿಲ ಇರಬಾರದು. ತೋಳಿನ ಹೊರಮೈ ಮತ್ತು ಬೆನ್ನಿನ ಹಿಂಭಾಗವನ್ನು ಅಂಗೈಯಿಂದ ಒತ್ತಿ. ಟೊಳ್ಳಾಗಿ ಒಳಕ್ಕೆ ಹೋದರೆ ಅಲ್ಲಿ ರಟ್ಟು ಇರಬಹುದು. ಸೋಫಾ ಬಗ್ಗಿಸಿ ಕೆಳಗೆ ನೋಡಿ. ಕಾಲುಗಳು ಫ್ರೇಮಿಗೆ ಬೋಲ್ಟ್ ಆಗಿವೆಯೋ, ಸುಮ್ನೆ ಒಂದು ಹಲಗೆಗೆ ಸ್ಕ್ರೂ ಹೊಡೆದಿದ್ದಾರೋ? ಆರು ಅಡಿ ದಾಟಿದ ಸೋಫಾಕ್ಕೆ ನಡುವೆ ಒಂದು ಕಾಲು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮಧ್ಯ ಜಗ್ಗುವ ಸಾಧ್ಯತೆ ಜಾಸ್ತಿ.

ಮರ ಯಾವುದು ಅಂತ ಕೇಳಿ. ಸರಿಯಾಗಿ ಸೀಸನಿಂಗ್ ಮಾಡಿದ, ಅಂದರೆ ತೇವ ತೆಗೆದು ಒಣಗಿಸಿದ ಗಟ್ಟಿ ಮರ ಎಲ್ಲಕ್ಕಿಂತ ಉತ್ತಮ. ತೇಗ, ಬೀಚ್, ಓಕ್ ಇಂಥವು. ಹಸಿ ಮರ ಮನೆಯೊಳಗೆ ಬಂದ ಮೇಲೆ ಒಣಗುತ್ತಾ ಸೊಟ್ಟಗಾಗುತ್ತದೆ, ಸಂದುಗಳು ಬಿಡುತ್ತವೆ, ಕೂತಾಗೆಲ್ಲ ಕಿರ್ ಅನ್ನಲು ಶುರುವಾಗುತ್ತದೆ. ಬಜೆಟ್ ಕಮ್ಮಿ ಇದ್ದರೆ ದಪ್ಪನೆಯ ಒಳ್ಳೆ ಪ್ಲೈವುಡ್ ಬಗ್ಗೆ ಹಿಂಜರಿಯಬೇಡಿ. ಅದರಲ್ಲಿ ಪದರಗಳ ನಾರು ಒಂದರ ಮೇಲೊಂದು ಅಡ್ಡಡ್ಡ ಇರುವುದರಿಂದ ಸುಲಭಕ್ಕೆ ಸೀಳುವುದಿಲ್ಲ. ಬೇಡವೇ ಬೇಡ ಅನ್ನುವುದು ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್, ಅಂದರೆ ಮರದ ಚೂರು ಅಥವಾ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆಗಳು. ಭಾರ ಹೊರುವ ಜಾಗದಲ್ಲಿ ಇವನ್ನು ಹಾಕಿದ್ದರೆ ಬಿಟ್ಟು ಬನ್ನಿ. ಒಮ್ಮೆ ಸ್ಕ್ರೂ ಕಿತ್ತರೆ ಆ ತೂತು ಪುಡಿಯಾಗಿ ಹೋಗುತ್ತದೆ, ಅದೇ ಜಾಗದಲ್ಲಿ ಮತ್ತೆ ಸ್ಕ್ರೂ ನಿಲ್ಲುವುದಿಲ್ಲ. ನೀರು ತಾಗಿದರೆ ಉಬ್ಬುತ್ತದೆ.

ಸ್ಪ್ರಿಂಗ್ ವಿಷಯ ಬೇಗ ಮುಗಿಸುತ್ತೇನೆ. ಹಾವಿನ ಹಾಗೆ ಅಂಕುಡೊಂಕಾಗಿ ಹೋಗುವ ಜಿಗ್‌ಜಾಗ್ ಸ್ಪ್ರಿಂಗ್ ನಮ್ಮ ಬಜೆಟ್ಟಿಗೆ ಸಾಕು. ತಂತಿ ದಪ್ಪ ಇರಬೇಕು, ಸ್ಪ್ರಿಂಗ್‌ಗಳು ಹತ್ತಿರ ಹತ್ತಿರ ಇರಬೇಕು, ಅಡ್ಡಕ್ಕೆ ಒಂದು ತಂತಿ ಹಾಕಿ ಒಂದಕ್ಕೊಂದು ಕಟ್ಟಿರಬೇಕು. ಬರೀ ಎಲಾಸ್ಟಿಕ್ ಬೆಲ್ಟ್ ಇರುವುದೂ ಸಿಗುತ್ತದೆ. ಬೆಲ್ಟ್ ಅಗಲವಾಗಿ, ಬಿಗಿಯಾಗಿ, ಒತ್ತೊತ್ತಾಗಿ ಹೆಣೆದಿದ್ದರೆ ಪರವಾಗಿಲ್ಲ. ಬೆಲ್ಟ್ ಬದಲಾಯಿಸುವುದು ಕಷ್ಟದ ಕೆಲಸವೂ ಅಲ್ಲ.

ಇನ್ನು ಫೋಮ್. ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ಕೂತು ನೋಡುತ್ತಾರೆ, 'ಗಟ್ಟಿಯಾಗಿದೆ' ಅನ್ನುತ್ತಾರೆ, ತಗೊಳ್ಳುತ್ತಾರೆ. ಗಟ್ಟಿಯಾಗಿರುವುದು ಬೇರೆ, ಬಾಳುವುದು ಬೇರೆ. ಬಾಳಿಕೆ ಎಷ್ಟು ಅಂತ ಸ್ವಲ್ಪ ಮಟ್ಟಿಗೆ ಹೇಳುವುದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ. ಹಗುರದ ಫೋಮನ್ನೂ ಕೂತಾಗ ಗಟ್ಟಿ ಅನ್ನಿಸುವ ಹಾಗೆ ಮಾಡಬಹುದು. ಅಂಗಡಿಯಲ್ಲಿ ಐದು ನಿಮಿಷ ಕೂತರೆ ವ್ಯತ್ಯಾಸ ತಿಳಿಯುವುದಿಲ್ಲ, ಕೆಲವು ತಿಂಗಳಾದ ಮೇಲೆ ದಿನಾ ಕೂರುವ ಜಾಗದಲ್ಲಿ ಗುಂಡಿ ಬೀಳುತ್ತದೆ. ದಿನಬಳಕೆಯ ಸೀಟಿಗೆ 32 ಡೆನ್ಸಿಟಿಗಿಂತ ಕಮ್ಮಿ ಬೇಡ, 40 ಸಿಕ್ಕರೆ ಬಿಡಬೇಡಿ. ಬೆನ್ನಿಗೆ ಅಷ್ಟು ಭಾರ ಬೀಳುವುದಿಲ್ಲ, ಅಲ್ಲಿ ಕಮ್ಮಿ ಇದ್ದರೂ ನಡೆಯುತ್ತದೆ. ದುಡ್ಡು ಉಳಿಸುವುದಿದ್ದರೆ ಅಲ್ಲಿ ಉಳಿಸಿ.

'ಇದು 40 ಡೆನ್ಸಿಟಿ ಸಾರ್' ಅಂತ ಅಂಗಡಿಯವರು ಹೇಳಿದರೆ ನಂಬಬೇಕೇ? ತೂಕ ಹಾಕಿ. ನಿಜವಾಗಿಯೂ ಹೇಳುತ್ತಿದ್ದೇನೆ. ಸೀಟಿನ ಕವರಿಗೆ ಜಿಪ್ ಇದ್ದರೆ ಒಳಗಿನ ಫೋಮ್ ಹೊರಗೆ ತೆಗೆದು ತಕ್ಕಡಿಗೆ ಇಡಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಾದರೂ ಆಗುತ್ತದೆ. ಉದ್ದ 60 ಸೆಂಟಿಮೀಟರ್, ಅಗಲ 60, ದಪ್ಪ 12 ಇರುವ ಒಂದು ಸೀಟು 40 ಡೆನ್ಸಿಟಿ ಆಗಿದ್ದರೆ ಸುಮಾರು 1 ಕಿಲೋ 700 ಗ್ರಾಂ ತೂಗಬೇಕು. 32 ಆಗಿದ್ದರೆ 1 ಕಿಲೋ 400 ಗ್ರಾಂ ಹತ್ತಿರ. 800 ಗ್ರಾಂ ಕೂಡ ಇಲ್ಲ ಅಂದರೆ ಅದು 18ರ ಆಸುಪಾಸಿನ ಫೋಮ್, ಸೀಟಿಗೆ ಹಾಕುವಂಥದ್ದೇ ಅಲ್ಲ. ಬೇರೆ ಅಳತೆಯದಾದರೆ ಗ್ರಾಂ ತೂಕವನ್ನು 1000ದಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಅಳೆದ ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿ ಬಂದದ್ದರಿಂದ ಭಾಗಿಸಿ. ಬರುವುದೇ ಡೆನ್ಸಿಟಿ. ಒಂದು ಎಚ್ಚರಿಕೆ ಇದೆ. ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿದ ಬಣ್ಣಬಣ್ಣದ ರೀಬಾಂಡೆಡ್ ಫೋಮ್ ಇದಕ್ಕಿಂತ ತುಂಬಾ ಭಾರ ಇರುತ್ತದೆ, ಅದಕ್ಕೆ ಈ ಲೆಕ್ಕ ಹಾಕಬೇಡಿ. ಕೆಲವರು ತೂಕ ಬರಲಿ ಅಂತ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸುತ್ತಾರೆ. ಅದಕ್ಕೇ ತೂಕದ ಜೊತೆಗೆ ಇನ್ನೊಂದು ನೋಡಿ: ಮುಷ್ಟಿಯಿಂದ ಚೆನ್ನಾಗಿ ಅದುಮಿ ಬಿಟ್ಟಾಗ ತಕ್ಷಣ ಪುಟಿದು ಮೊದಲಿನಂತೆ ಆಗಬೇಕು.

ಜಿಪ್ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ. ಸೀಟು ಬಿಡಿಬಿಡಿಯಾಗಿ ಹೊರಗೆ ಬರಬೇಕು, ಕವರ್ ಬಿಚ್ಚಲು ಬರಬೇಕು. ನನ್ನ ಮಟ್ಟಿಗೆ ಇದರಲ್ಲಿ ರಾಜಿಯೇ ಇಲ್ಲ. ಬಿಡಿ ಸೀಟನ್ನು ಮಗುಚಿ ಹಾಕಬಹುದು, ಎಡದ್ದನ್ನು ಬಲಕ್ಕೆ ಹಾಕಬಹುದು, ಯಾವಾಗಲೂ ಒಂದೇ ಮೂಲೆ ಸವೆಯುವುದು ತಪ್ಪುತ್ತದೆ. ಫೋಮ್ ಹೋದಾಗ ಅದೊಂದನ್ನೇ ಅಳತೆ ಕೊಟ್ಟು ಕತ್ತರಿಸಿ ತಂದು ನೀವೇ ತುರುಕಬಹುದು. ಫ್ರೇಮಿಗೇ ಹೊಲಿದು ಕೂರಿಸಿದ ಸೀಟಾದರೆ ಇದು ಯಾವುದೂ ಆಗುವುದಿಲ್ಲ.

ಬಟ್ಟೆಗೆ ಬಂದರೆ, ಕಡಿಮೆ ಬಜೆಟ್ಟಿನಲ್ಲಿ ರೆಕ್ಸಿನ್ ಬೇಡ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಒರೆಸಿದರೆ ಸಾಕು, ಮಕ್ಕಳ ಮನೆಗೆ ಒಳ್ಳೆಯದು ಅಂತ ಮಾರುತ್ತಾರೆ. ಮೊದಮೊದಲು ನಿಜವೇ. ಅಗ್ಗದ ಪಿಯು (ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್) ರೆಕ್ಸಿನ್ನಿನಲ್ಲಿ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಗಾಳಿಯ ತೇವ, ಬೆವರು, ತಲೆಯ ಎಣ್ಣೆ, ಬಿಸಿಲು ಸೇರಿ ಕೆಲವೇ ವರ್ಷಗಳಲ್ಲಿ ಆ ಪದರ ಸುಲಿಯಲು ಶುರುವಾಗುತ್ತದೆ. ತಲೆ ಒರಗುವ ಜಾಗ, ಕೈ ಇಡುವ ಜಾಗ ಮೊದಲು ಹೋಗುತ್ತವೆ. ಒಮ್ಮೆ ಸುಲಿಯಲು ಶುರುವಾದರೆ ತಡೆಯುವ ದಾರಿ ಇಲ್ಲ, ಪೂರ್ತಿ ಬದಲಾಯಿಸಬೇಕು. ಬಾಂಡೆಡ್ ಲೆದರ್ ಅನ್ನುವುದೂ ಹೀಗೇ. ಚರ್ಮದ ಚೂರುಗಳನ್ನು ಪುಡಿಮಾಡಿ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟಿದ್ದು ಅದು. ಲೆದರ್ ಅನ್ನುವ ಹೆಸರು ಕೇಳಿ ಜಾಸ್ತಿ ಕೊಡಬೇಡಿ.

ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಅಥವಾ ಪಾಲಿಯೆಸ್ಟರ್ ಬೆರೆತ ಬಟ್ಟೆ ತಗೊಳ್ಳಿ. ಸ್ಯಾಂಪಲ್ ತುಂಡನ್ನು ಬೆಳಕಿಗೆ ಹಿಡಿಯಿರಿ, ಎಳೆಗಳ ನಡುವೆ ಬೆಳಕು ಜಾಸ್ತಿ ಕಂಡರೆ ನೇಯ್ಗೆ ಸಡಿಲ. ಉಗುರಿನಿಂದ ಕೆರೆದರೆ ಎಳೆ ಎದ್ದು ಬರಬಾರದು. ಮನೆಯಲ್ಲಿ ಬೆಕ್ಕಿದ್ದರೆ ಇದು ಇನ್ನೂ ಮುಖ್ಯ, ಉಗುರು ಸಿಕ್ಕಿಕೊಳ್ಳುವಂಥ ಕುಣಿಕೆಗಳಿರುವ ಬಟ್ಟೆ ಬೇಡವೇ ಬೇಡ, ನುಣ್ಣನೆಯ ಮೈಕ್ರೋಫೈಬರ್ ವಾಸಿ. ಕೆಲವು ಬಟ್ಟೆಗಳ ಮೇಲೆ ಮಾರ್ಟಿಂಡೇಲ್ ಅಂತ ಒಂದು ಸಂಖ್ಯೆ ಇರುತ್ತದೆ. ಬಟ್ಟೆಯನ್ನು ಮಷೀನಿನಲ್ಲಿ ಉಣ್ಣೆ ಬಟ್ಟೆಗೆ ಉಜ್ಜುತ್ತಾ ಎಷ್ಟು ಸುತ್ತು ಆದ ಮೇಲೆ ಎಳೆ ಕಡಿಯುತ್ತದೆ ಅಂತ ನೋಡುವ ಪರೀಕ್ಷೆ ಅದು. ಮಕ್ಕಳಿರುವ ಮನೆಗೆ 25,000 ದಾಟಿದ್ದು ನೋಡಿ. ಲಕ್ಷದ ಹಿಂದೆ ಓಡುವ ಅಗತ್ಯವಿಲ್ಲ. ಬಿಸಿಲಿಗೆ ಬಣ್ಣ ಮಾಸುವುದನ್ನಾಗಲಿ, ಗಂಟುಗಂಟಾಗಿ ನೂಲು ಏಳುವುದನ್ನಾಗಲಿ ಆ ಸಂಖ್ಯೆ ಹೇಳುವುದಿಲ್ಲ. ಅಮೆರಿಕದ ಕಡೆಯ ಬಟ್ಟೆಗಳಿಗೆ 'ಡಬಲ್ ರಬ್' ಅಂತ ಬೇರೆ ಲೆಕ್ಕ, ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಬಣ್ಣ ನಿಮ್ಮಿಷ್ಟ. ಅಚ್ಚ ಬಿಳಿಗೂ ಅಚ್ಚ ಕಪ್ಪಿಗೂ ನಡುವಿನ, ಎರಡು ಮೂರು ಬಣ್ಣದ ಎಳೆ ಬೆರೆತ ಬಟ್ಟೆಯಲ್ಲಿ ಕಲೆ ಕಮ್ಮಿ ಕಾಣುತ್ತದೆ.

ಈಗ ಗಾತ್ರ. ನಾನು ಹೇಳುವುದರಲ್ಲಿ ಜನರಿಗೆ ಇಷ್ಟವಾಗದ ಮಾತು ಇದೇ. ಇರುವ ದುಡ್ಡಿಗೆ ಸಿಗುವ ದೊಡ್ಡ ಎಲ್ ಆಕಾರದ ಸೋಫಾ ನೋಡಿದರೆ ಲಾಭ ಅನ್ನಿಸುತ್ತದೆ. ಅಷ್ಟೇ ದುಡ್ಡಿನಲ್ಲಿ ಎರಡರಷ್ಟು ಸೋಫಾ ಮಾಡಬೇಕಾದರೆ ಮಾಡುವವರು ಎಲ್ಲೋ ಕಮ್ಮಿ ಮಾಡಲೇಬೇಕು, ಮರದಲ್ಲಿ ಅಥವಾ ಫೋಮಿನಲ್ಲಿ. ಅದೇ ದುಡ್ಡಿಗೆ ಮೂವರು ಕೂರುವ ಒಂದು ಗಟ್ಟಿ ಸೋಫಾ ತಗೊಳ್ಳಿ, ಉಳಿದವರಿಗೆ ಸದ್ಯಕ್ಕೆ ಕುರ್ಚಿ ಇರಲಿ, ಮುಂದೆ ಕೈಯಲ್ಲಿ ದುಡ್ಡಾದಾಗ ಇನ್ನೊಂದು ಸೇರಿಸಿ. ಮನೆ ಬದಲಾಯಿಸುವವರಿಗೆ ಎಲ್ ಆಕಾರ ಇನ್ನೂ ಕಷ್ಟ, ಈ ಮನೆಯ ಮೂಲೆಗೆ ಸರಿಹೋದದ್ದು ಮುಂದಿನ ಮನೆಯಲ್ಲಿ ಬಾಗಿಲಿಗೇ ಅಡ್ಡ ಬರಬಹುದು. ರಿಕ್ಲೈನರ್, ಸೋಫಾ ಕಮ್ ಬೆಡ್ ಕೂಡ ಕಮ್ಮಿ ಬಜೆಟ್ಟಿನಲ್ಲಿ ಬೇಡ. ಅಲ್ಲಾಡುವ ಭಾಗ ಜಾಸ್ತಿಯಾದಷ್ಟೂ ಕೆಡುವ ಜಾಗ ಜಾಸ್ತಿ.

ದುಡ್ಡು ತೀರಾ ಕಮ್ಮಿ ಇದ್ದರೆ ಹಳೆಯ ಸೋಫಾ ಹುಡುಕಿ. ಗಟ್ಟಿ ಮರದ ಫ್ರೇಮ್ ಇದ್ದು ಬಟ್ಟೆ ಮಾಸಿದೆ, ಸೀಟು ಕುಸಿದಿದೆ ಅನ್ನುವ ಕಾರಣಕ್ಕೆ ಕಮ್ಮಿ ಬೆಲೆಗೆ ಕೊಡುವವರು ತುಂಬಾ ಜನ. ಮೇಲೆ ಹೇಳಿದ ಫ್ರೇಮ್ ಪರೀಕ್ಷೆಗಳಲ್ಲಿ ಪಾಸಾದರೆ ಅದು ಹೊಸ ಕಳಪೆ ಸೋಫಾಕ್ಕಿಂತ ಎಷ್ಟೋ ಮೇಲು. ಆದರೆ ಕೊಳ್ಳುವ ಮೊದಲು ಕುಶನ್ ಕೆಲಸದವರಿಂದ ರೇಟು ಕೇಳಿ. ಮೂರು ಸೀಟಿನ ಸೋಫಾ ಪೂರ್ತಿ ಹೊದಿಸಲು ಸುಮಾರು ಹತ್ತು ಹನ್ನೆರಡು ಮೀಟರ್ ಬಟ್ಟೆ ಬೇಕಾಗುತ್ತದೆ, ಕೂಲಿ ಬೇರೆ. ಜೊತೆಗೆ ಟಾರ್ಚ್ ತಗೊಂಡು ಹೋಗಿ. ಹೊಲಿಗೆಗಳ ಸಂದು, ಸೀಟಿನ ಕೆಳಗಿನ ಮೂಲೆ, ಅಡಿಯ ಕಪ್ಪು ಬಟ್ಟೆಯ ಅಂಚು, ಎಲ್ಲ ಕಡೆ ನೋಡಿ. ಶಾಯಿ ಚುಕ್ಕಿಯಂಥ ಕಪ್ಪು ಕಲೆಗಳು, ಕಳಚಿ ಬಿದ್ದ ತೆಳು ಪೊರೆಗಳು ಕಂಡರೆ ತಿಗಣೆ ಇದೆ ಅಂತ ಅರ್ಥ. ತಿಗಣೆ ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಪುಕ್ಕಟೆ ಕೊಟ್ಟರೂ ಅಂಥದ್ದು ಬೇಡ.

ಕೂತು ನೋಡಲು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಮುಖ್ಯವಾಗಿ ಹಿರಿಯರನ್ನು. ಸೀಟು ನೆಲದಿಂದ 45 ಸೆಂಟಿಮೀಟರ್ ಆಸುಪಾಸು ಎತ್ತರ ಇದ್ದರೆ ಮಂಡಿ ನೋವಿರುವವರು ಏಳುವುದು ಸುಲಭ. ಬೆನ್ನು ಪೂರ್ತಿ ಒರಗಿಸಿ ಕೂತಾಗ ಪಾದ ನೆಲಕ್ಕೆ ತಾಗಬೇಕು. ಬಾಗಿಲು, ಮೆಟ್ಟಿಲ ತಿರುವು, ಲಿಫ್ಟ್ ಅಳೆದುಕೊಂಡೇ ಹೊರಡಿ.

ದುಡ್ಡು ಕೊಡುವಾಗ ಬಿಲ್ಲಿನಲ್ಲಿ ಬರೆಸಿ: ಫ್ರೇಮ್ ಯಾವ ಮರದ್ದು, ಸೀಟಿನ ಫೋಮ್ ಎಷ್ಟು ಡೆನ್ಸಿಟಿ, ಬಟ್ಟೆ ಯಾವುದು. ಬಾಯಲ್ಲಿ ಧಾರಾಳವಾಗಿ ಹೇಳಿದವರು ಬರೆದುಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿ ನೋಡಿ. ವಾರಂಟಿ ಯಾವುದಕ್ಕೆ ಎಷ್ಟು ವರ್ಷ ಅಂತಲೂ ಬಿಡಿಬಿಡಿಯಾಗಿ ಕೇಳಿ, ಬೋರ್ಡಿನಲ್ಲಿ ದೊಡ್ಡದಾಗಿ ಬರೆದ ವರ್ಷಗಳು ಎಷ್ಟೋ ಸಲ ಫ್ರೇಮಿಗೆ ಮಾತ್ರ ಇರುತ್ತವೆ. ಮಾಡಿಸಿಕೊಳ್ಳುತ್ತಿದ್ದರೆ ಅದೇ ಬಟ್ಟೆ ಒಂದು ಮೀಟರ್ ಜಾಸ್ತಿ ತರಿಸಿ ಎತ್ತಿಡಿ. ಮುಂದೆ ಒಂದು ಸೀಟು ಹರಿದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.