ಅಬ್ಯಾನೆ: 305 ತಲೆ, 160 ಸಂಸಾರ

24 ಅಕ್ಟೋಬರ್ 2024, ಗುರುವಾರ

ಇರಾನಿನ ಪಂಚಾಂಗದಲ್ಲಿ ಇವತ್ತು 1403ರ ಆಬಾನ್ 3. ಅಲ್ಲಿಯ 2006ರ ಜನಗಣತಿಯ ಕೆಲಸ ಶುರುವಾಗಿದ್ದು ಇದೇ ತಿಂಗಳಲ್ಲಿ. ಇರಾನಿನ ಬೆಟ್ಟದ ಬುಡದ ಪುಟ್ಟ ಹಳ್ಳಿ ಅಬ್ಯಾನೆ; ಅಂಥ ಊರಿನ ಜನಸಂಖ್ಯೆಯ ಲೆಕ್ಕ ಓದುವಾಗ ಇಸವಿಯ ಜೊತೆ ತಿಂಗಳನ್ನೂ ನೋಡಬೇಕು.

ಮೊದಲು ಹೆಸರು. ಪಾರಸಿಯಲ್ಲಿ ಕೊನೆಗೊಂದು 'ಹೇ' ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಾಗಾಗಿ ಅಬ್ಯಾನೆ, 'ಅಬ್ಯಾನೇಹ್' ಅನ್ನುವುದು ಇಂಗ್ಲಿಷ್ ಕಾಗುಣಿತದ ಕೊಡುಗೆ. ಊರಿನವರ ಮನೆಮಾತು ಪಾರಸಿಯ ನೆಂಟಭಾಷೆ, ಮಧ್ಯ ಇರಾನಿನ ಹಳೆಯ ನುಡಿಗಳಲ್ಲೊಂದು. ಶಾಲೆ, ಕಚೇರಿಗೆ ಪಾರಸಿ.

ವಿಳಾಸವನ್ನು ಮೇಲಿಂದ ಕೆಳಕ್ಕೆ ಓದಿದರೆ: ಇಸ್ಫಹಾನ್ ಒಸ್ತಾನ್, ನತಂಜ್ ಶಹರೆಸ್ತಾನ್, ಮರ್ಕಜಿ ಬಖ್ಶ್, ಬರ್ಜ್‌ರೂದ್ ದೆಹೆಸ್ತಾನ್. ಪ್ರಾಂತ, ತಾಲ್ಲೂಕು, ಹೋಬಳಿ, ಹಳ್ಳಿಗಳ ಗುಂಪು ಎಂದು ಅಂದಾಜಿಗೆ ಇಟ್ಟುಕೊಳ್ಳಬಹುದು. ಮರ್ಕಜಿ ಎಂದರೆ ಬರೀ 'ಕೇಂದ್ರ'. ಹೆಚ್ಚುಕಡಿಮೆ ಪ್ರತಿ ಶಹರೆಸ್ತಾನಿಗೂ ಒಂದು ಮರ್ಕಜಿ ಇರುವುದರಿಂದ ಅದೊಂದನ್ನೇ ಹಿಡಿದು ಹುಡುಕಿದರೆ ಊರು ಸಿಗುವುದಿಲ್ಲ. ದೆಹೆಸ್ತಾನಿನ ಹೆಸರು ಬೇಕೇ ಬೇಕು. ಒಂದೇ ಹೆಸರಿನ ಎರಡು ಊರುಗಳಿದ್ದರೆ, ಉದಾಹರಣೆಗೆ ಮೇಮಂದ್ ಎಂದು ಹುಡುಕುವವರಿಗೆ, ವಿಳಾಸ ಇನ್ನೂ ಮುಖ್ಯ: ಕೆರ್ಮಾನ್ ಪ್ರಾಂತದ ಮೇಮಂದ್ ಬಂಡೆ ಕೊರೆದು ಮನೆ ಮಾಡಿಕೊಂಡ ಹಳ್ಳಿ, ಫಾರ್ಸ್ ಪ್ರಾಂತದ ಮೇಮಂದ್ ಒಂದು ಪಟ್ಟಣ.

ನಕಾಶೆಯಲ್ಲಿ ಅಬ್ಯಾನೆ ಇರುವುದು 33°35′ ಉತ್ತರ, 51°35′ ಪೂರ್ವದ ಆಸುಪಾಸಿನಲ್ಲಿ, ಕರ್ಕಸ್ ಬೆಟ್ಟದ ಬುಡದಲ್ಲಿ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ. ಇದನ್ನು 33.35, 51.35 ಎಂದು ಟೈಪ್ ಮಾಡಿದರೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ನೈರುತ್ಯಕ್ಕೆ ಹೋಗಿ ಬೀಳುತ್ತೀರಿ. 35 ಮಿನಿಟನ್ನು 60ರಿಂದ ಭಾಗಿಸಿ: 0.58. ಬರೆಯಬೇಕಾದ್ದು 33.58, 51.58.

ಇನ್ನು ಜನ. 2006ರಲ್ಲಿ, ಅಂದರೆ ಅವರ 1385ರಲ್ಲಿ (ಆಬಾನ್ ತಿಂಗಳಾದರೆ 621 ಕೂಡಿಸಿದರೆ ನಮ್ಮ ಇಸವಿ), 305 ಜನ, 160 ಸಂಸಾರ. ಹೆಚ್ಚಿನವರು 305 ನೋಡಿ ಪುಟ ಮುಚ್ಚುತ್ತಾರೆ. ಭಾಗಿಸಿ ನೋಡಿ: ಮನೆಗೆ ಇಬ್ಬರೂ ಇಲ್ಲ, 1.9. ಆಗ ಇಡೀ ಇರಾನಿನ ಸರಾಸರಿ ಸುಮಾರು 4. ಮಕ್ಕಳು ಟೆಹ್ರಾನಿಗೋ ಕಾಶಾನಿಗೋ ಹೋಗಿ, ಗಂಡಹೆಂಡತಿ ಅಥವಾ ಒಂಟಿ ಮುದುಕಿ ಉಳಿದ ಊರು ಎಂಬುದನ್ನು ಈ ಭಾಗಾಕಾರವೇ ಹೇಳುತ್ತದೆ. ಬೇಸಿಗೆಗೆ, ಅಲ್ಲಿಯ ಹೊಸವರ್ಷ ನೌರೂಜ್‌ಗೆ, ಮೊಹರಂಗೆ ಹೋದವರು ಮರಳಿದಾಗ ಊರು ತುಂಬುತ್ತದೆ. ಗಣತಿಯವರು ಬರುವುದು ಶರತ್ಕಾಲದಲ್ಲಿ, ಬೇಸಿಗೆಯವರು ಬೀಗ ಹಾಕಿ ಹೋದ ಮೇಲೆ.

ಪಾರಸಿಯಲ್ಲಿ ಜನಗಣತಿಗೆ ಈಗ 'ಸರ್‌ಶೊಮಾರಿ' ಎನ್ನುತ್ತಾರೆ, ತಲೆ ಎಣಿಕೆ. ನಮ್ಮ ಹಳೆಯ ಕಡತಗಳಲ್ಲಿ ಉಳಿದಿರುವ ಪದ 'ಖಾನೇಷುಮಾರಿ', ಮನೆ ಎಣಿಕೆ, ಅದೂ ಪಾರಸಿಯದೇ. ಅಬ್ಯಾನೆಗೆ ಎರಡೂ ಬೇಕು.

ಉಪಗ್ರಹ ಚಿತ್ರ ನೋಡಿ ಮನೆ ಎಣಿಸುವ ಯೋಚನೆ ಬೇಡ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕೆಂಪು ಮಣ್ಣಿನ ಮನೆಗಳವು. ಕೆಳಗಿನವರ ಮಾಳಿಗೆಯೇ ಮೇಲಿನವರ ಅಂಗಳ. ಗೋಡೆ, ಮಾಳಿಗೆ, ಓಣಿ ಎಲ್ಲಕ್ಕೂ ಕಬ್ಬಿಣದ ಅಂಶದ ಅದೇ ಕೆಂಪು, ಗಡಿ ಕಾಣುವುದಿಲ್ಲ. ಕಂಡರೂ, ಯಾವ ಬಾಗಿಲಿಗೆ ಬೀಗ ಬಿದ್ದಿದೆ ಎಂದು ಮೇಲಿನಿಂದ ತಿಳಿಯದು.