148 ಸರಿಯಿತ್ತು, ಆಯ್ಕೆ ತಪ್ಪಿತ್ತು

ಈ ವಾರ ಒಂದು ಗ್ರಾಫ್ ನನ್ನನ್ನು ಮೂರು ದಿನ ಕಾಡಿತು. ಪ್ರೋಟೀನುಗಳ ಮೂರು ಆಯಾಮದ ರಚನೆ ತೋರಿಸುವ ಪೈಮಾಲ್ ಸಾಫ್ಟ್‌ವೇರ್ ಬಳಸುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆದಿಡುತ್ತಿದ್ದೇನೆ.

ಕ್ಯಾಲ್ಮಾಡ್ಯುಲಿನ್ ನನಗೆ ತುಂಬಾ ಇಷ್ಟದ ಪ್ರೋಟೀನ್. ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಅದನ್ನು ಹಿಡಿದುಕೊಂಡು ಬೇರೆ ಪ್ರೋಟೀನುಗಳಿಗೆ ಸುದ್ದಿ ಮುಟ್ಟಿಸುವುದು ಇದೇ. ನಾನು ತೆರೆದಿದ್ದು ಪಿಡಿಬಿಯ (ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರ) 1ಸಿಎಲ್‌ಎಲ್ ಫೈಲ್, 1.7 ಆಂಗ್‌ಸ್ಟ್ರಾಂ ರೆಸಲ್ಯೂಷನ್ನಿನದು (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಉದ್ದ ಕೋಲಿನ ಎರಡು ತುದಿಗೆ ಎರಡು ಉಂಡೆ, ಪ್ರತಿ ಉಂಡೆಯೊಳಗೆ ಎರಡು ಕ್ಯಾಲ್ಸಿಯಂ. ನೋಡೋದಕ್ಕೇ ಚೆಂದ.

ನನಗೆ ಬೇಕಿದ್ದದ್ದು ಆಲ್ಫಾ ಕಾರ್ಬನ್‌ಗಳು ಮಾತ್ರ, ಒಂದು ಅಮೈನೋ ಆಮ್ಲಕ್ಕೆ ಒಂದು. ಫೈಲ್‌ನಲ್ಲಿ ಅವುಗಳ ಹೆಸರು ಸಿಎ. 'ನೇಮ್ ಸಿಎ' ಅಂತ ಸೆಲೆಕ್ಟ್ ಮಾಡಿ ಎಣಿಸಿದೆ. 148 ಬಂತು. ಕ್ಯಾಲ್ಮಾಡ್ಯುಲಿನ್‌ನಲ್ಲಿರುವ ಅಮೈನೋ ಆಮ್ಲಗಳೂ 148. ಸರಿಹೋಯ್ತು ಅಂತ ಮುಂದೆ ಹೋದೆ.

ಅಕ್ಕಪಕ್ಕದ ಆಲ್ಫಾ ಕಾರ್ಬನ್‌ಗಳ ನಡುವೆ ಸುಮಾರು 3.8 ಆಂಗ್‌ಸ್ಟ್ರಾಂ ದೂರ ಇರಬೇಕು. ಗ್ರಾಫ್ ಉದ್ದಕ್ಕೂ ಹಾಗೇ ಮಟ್ಟಸವಾಗಿ ಬಂತು. ಕೊನೆಯ ನಾಲ್ಕು ಮಾತ್ರ ಹತ್ತರ ಮೇಲೆ ಜಿಗಿದಿದ್ದವು. ನನ್ನ ಸ್ಕ್ರಿಪ್ಟ್ ಮೇಲೇ ಅನುಮಾನ. ಎರಡು ಸಲ ಹೊಸದಾಗಿ ಬರೆದೆ. ಜಿಗಿತ ಹೋಗಲಿಲ್ಲ.

ಮೂರನೇ ದಿನ ಲ್ಯಾಬಿನ ಜೂನಿಯರ್ ಹುಡುಗಿ ಹಿಂದೆ ನಿಂತು ಸೀಕ್ವೆನ್ಸ್ ಸಾಲು ನೋಡುತ್ತಿದ್ದಳು. "ಅಕ್ಕ, ಇದು ನಾಲ್ಕರಿಂದ ಶುರುವಾಗ್ತಿದೆಯಲ್ಲಾ, ಒಂದು ಎರಡು ಮೂರು ಎಲ್ಲಿ?" ಅಂದಳು. ಹೌದಲ್ವಾ! ಮೊದಲ ಮೂರು, ಕೊನೆಯ ಒಂದು ಎಕ್ಸ್-ರೇ ಪ್ರಯೋಗದಿಂದ ಸಿಕ್ಕ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಸ್ಪಷ್ಟವಾಗಿ ಕಂಡಿಲ್ಲ, ಹಾಗಾಗಿ ಫೈಲ್‌ನಲ್ಲಿ ಅವು ಇಲ್ಲ. ಇರುವುದು 4ರಿಂದ 147, ಅಂದರೆ 144. ಹಾಗಾದರೆ ಇನ್ನು ನಾಲ್ಕು ಯಾವುವು?

ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಕೆಳಗೆ ಹೋದೆವು. ಅಲ್ಲಿದ್ದವು ನಾಲ್ಕು ಕ್ಯಾಲ್ಸಿಯಂ. ಅವುಗಳ ಹೆಸರೂ ಸಿಎ! ಆಲ್ಫಾ ಕಾರ್ಬನ್ನಿನ ಸಿಎ 14ನೇ ಕಾಲಂನಿಂದ ಶುರು, ಅದರ ಹಿಂದೆ ಒಂದು ಖಾಲಿ ಜಾಗ. ಕ್ಯಾಲ್ಸಿಯಂನ ಸಿಎ 13ರಿಂದಲೇ ಶುರು. 13, 14ನೇ ಕಾಲಂಗಳು ಧಾತುವಿನ ಚಿಹ್ನೆಗೆ ಮೀಸಲು; ಕಾರ್ಬನ್ನಿಗೆ ಒಂದಕ್ಷರ ಸಾಕು, ಕ್ಯಾಲ್ಸಿಯಂಗೆ ಎರಡು ಬೇಕು. ಪೈಮಾಲ್‌ನಲ್ಲಿ ಹೆಸರು ಹುಡುಕುವಾಗ ಆ ಖಾಲಿ ಜಾಗ ಲೆಕ್ಕಕ್ಕಿಲ್ಲ. ಎರಡೂ ಒಂದೇ ಆಗಿಬಿಡುತ್ತವೆ. ಕಾಣೆಯಾದ ನಾಲ್ಕರ ಜಾಗಕ್ಕೆ ಸರಿಯಾಗಿ ನಾಲ್ಕು ಬಂದು ಕೂತು ಲೆಕ್ಕ ಮುಚ್ಚಿಹೋಗಿತ್ತು.

'ನೇಮ್ ಸಿಎ ಆಂಡ್ ಪಾಲಿಮರ್' ಅಂತ ಕೊಟ್ಟೆ, ಅಂದರೆ ಪ್ರೋಟೀನ್ ಸರಪಳಿಯೊಳಗಿನ ಸಿಎ ಮಾತ್ರ. 144. 'ಆಂಡ್ ಎಲೆಮ್ ಸಿ' (ಧಾತು ಕಾರ್ಬನ್ ಆಗಿದ್ದರೆ ಮಾತ್ರ) ಅಂದರೂ ಆಗುತ್ತೆ. ಗ್ರಾಫ್ ಕೊನೆವರೆಗೂ 3.8ರ ಆಸುಪಾಸಿನಲ್ಲೇ ನಿಂತಿತು. ಆ ಸಮಾಧಾನ ದೊಡ್ಡದು.

ನಿನ್ನೆ ರಾತ್ರಿ ಹಳೆಯ ಸ್ಕ್ರಿಪ್ಟುಗಳನ್ನೆಲ್ಲ ತೆಗೆದು ಕೂತೆ. ಮೊದಲು ತೆರೆದಿದ್ದು ಟ್ರಿಪ್ಸಿನ್ನಿನದು. ಅದರಲ್ಲಿರುವುದು ಒಂದೇ ಒಂದು ಕ್ಯಾಲ್ಸಿಯಂ. ಇನ್ನೂರಕ್ಕೂ ಜಾಸ್ತಿ ಆಲ್ಫಾ ಕಾರ್ಬನ್‌ಗಳ ನಡುವೆ ಅದು ಇಷ್ಟು ದಿನ ಸದ್ದಿಲ್ಲದೆ ಕೂತಿತ್ತು.